ಬೇಲಿಯ ಮೇಲಿನ ರಗ್ಗು

ರಗ್ಗು ಬಂದದ್ದು ಬೊಳ್ಳಪ್ಪನ ಕಾಲಿಗೋಸ್ಕರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಆಮೇಲೆ ಆ ಮನೆಯಲ್ಲಿ ಅದರ ಮೇಲೆ ಬಿದ್ದ ಬೈಗುಳ ಕೇಳಿದವರು, ಇದು ಸೊಸೆ ಗಾನವಿ ಶೋಕಿಗೆ ತರಿಸಿದ ವಸ್ತು ಅಂದುಕೊಂಡಾರು. ಪೊನ್ನಮ್ಮ ಮದುವೆಯಾಗಿ ಬಂದಂದಿನಿಂದ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟ ಕೆಂಪು ಗಾರೆಯ ನೆಲದ ಮೇಲೆ ಅವಳ ಗಂಡ ಬೊಳ್ಳಪ್ಪ ಹುತ್ತರಿ ಹಬ್ಬದ ಹಿಂದೆಮುಂದೆ ಎರಡು ಸಲ ಜಾರಿ ಬಿದ್ದ. ಮೂಳೆ ಮುರಿಯಲಿಲ್ಲ, ಪುಣ್ಯ. ಗಾನವಿ ಅಂದೇ ಮೊಬೈಲಿನಲ್ಲಿ ಹುಡುಕಿ, ಹಜಾರದ ಉದ್ದಗಲಕ್ಕೂ ಬರುವಂಥ, ತಳಕ್ಕೆ ರಬ್ಬರು ಅಂಟಿಸಿದ ಹಸಿರು ರಗ್ಗೊಂದನ್ನು ತರಿಸಿದಳು. ಮನೆಯಲ್ಲೇ ತೊಳೆಯಬಹುದು ಅಂತ ಅದರ ಮೂಲೆಯಲ್ಲಿ ಚೀಟಿ ಹೊಲಿದಿತ್ತು.

"ನನ್ನ ನೆಲಕ್ಕೆ ಎಂಥ ಆಗಿತ್ತು?" ಅಂದಳು ಪೊನ್ನಮ್ಮ.

"ನೆಲಕ್ಕೇನೂ ಆಗಿಲ್ಲ ಅತ್ತೆ. ಮಾವಂಗೆ ಆಗ್ತಿತ್ತು."

"ಇಷ್ಟು ದೊಡ್ಡದನ್ನ ತೊಳೆಯೋದು ಯಾರ್?"

"ಮಿಷನ್ನಿಗೆ ಹಾಕಿದ್ರಾಯ್ತು."

ಪೊನ್ನಮ್ಮ ಮೂಗು ಮುರಿದು ಒಳಗೆ ಹೋದಳು. ಗಾನವಿ ಶನಿವಾರಸಂತೆಯ ಕಡೆಯ ಹುಡುಗಿ, ಭಾಗಮಂಡಲದ ಸೊಸೈಟಿಯಲ್ಲಿ ಕೆಲಸ. ಮಾತು ಚುಟುಕು, ಕೈ ಚುರುಕು. ಅತ್ತೆ ಕೊಡಗಿನ ಅರೆಭಾಷೆಯಲ್ಲಿ ಶುರುಮಾಡಿದ ಜಗಳವನ್ನು ಅವಳು ತನ್ನ ಊರಿನ ಕನ್ನಡದಲ್ಲಿ ಮುಗಿಸುತ್ತಿದ್ದಳು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಇರಲಿಲ್ಲ ಅಂತಲ್ಲ. ಅದನ್ನು ತೋರಿಸುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

ಬೊಳ್ಳಪ್ಪನಿಗೆ ಜಾರುವುದಕ್ಕಿಂತ ಮರೆಯುವುದು ಹೆಚ್ಚಾಗಿತ್ತು. ಒಂದು ಕಾಲಕ್ಕೆ ಆತ ದೊಡ್ಡ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಕೂಲಿಯವರ ಲೈನ್‌ಮನೆಗಳ ಅಷ್ಟೂ ಜನರ ಹೆಸರು, ಅವರ ಮಕ್ಕಳ ಹೆಸರು, ಯಾರಿಗೆ ಯಾವತ್ತು ರಜೆ ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಈಗ ಗ್ಯಾಸು ಹಚ್ಚಿ ಹಾಲಿಡುವುದನ್ನು ಮರೆಯುತ್ತಿದ್ದ. ಪಂಪು ಹಾಕಿ ಟ್ಯಾಂಕು ಉಕ್ಕಿ ಹರಿದರೂ ಜಗಲಿಯಲ್ಲಿ ಕೂತೇ ಇರುತ್ತಿದ್ದ. ಒಮ್ಮೆ ಜೀಪಿಗೆ ಹ್ಯಾಂಡ್‌ಬ್ರೇಕ್ ಹಾಕದೆ ಇಳಿದುಬಂದ. ಜೀಪು ತಾನಾಗಿ ಹಿಂದಕ್ಕೆ ನಡೆದು ಪಕ್ಕದ ಮನೆಯ ಸೋಮಯ್ಯನ ಗೇಟಿಗೆ ಮುತ್ತಿಟ್ಟಿತು. ಮಗ ತೀರ್ಥಪ್ರಸಾದ್ ಗಟ್ಟಿಯಾಗಿ ಬೈಯುವವನಲ್ಲ. ಸುಮ್ಮನೆ ಒಂದೊಂದೇ ಕೆಲಸವನ್ನು ಅಪ್ಪನ ಕೈಯಿಂದ ತೆಗೆದುಕೊಳ್ಳುತ್ತ ಬಂದ. ಮೊದಲು ಜೀಪಿನ ಕೀ, ಆಮೇಲೆ ಪಂಪು, ಆಮೇಲೆ ಕಾಫಿ ಪಿಕ್ಕಿಂಗಿನ ಜನರ ಹಾಜರಿ.

ಉಳಿದದ್ದು ಒಂದೇ ಒಂದು, ಸಂಜೆ ಬೇಲಿ ಹಾಕುವುದು.

ತೋಟದ ಸುತ್ತ ಆನೆಗೆಂದು ಎಳೆದ ಸೋಲಾರ್ ಬೇಲಿ. ಹಗಲು ಜನ ಓಡಾಡುತ್ತಾರೆಂದು ಅದರ ಕರೆಂಟು ಆರಿಸಿಡುವುದು, ದೀಪ ಹಚ್ಚುವ ಹೊತ್ತಿಗೆ ಹಾಕುವುದು. ಜಗಲಿಯ ಗೋಡೆಯಲ್ಲಿ ಅದರ ಪೆಟ್ಟಿಗೆ, ಪಕ್ಕದ ಮೊಳೆಯಲ್ಲಿ ಕೀ. ಕೀ ತಿರುಗಿಸಿದರೆ ಪೆಟ್ಟಿಗೆ ಟಕ್ ಟಕ್ ಅನ್ನತೊಡಗುತ್ತದೆ, ಬೆಳಗಿನ ತನಕ ಆ ಶಬ್ದ ನಿಲ್ಲುವುದಿಲ್ಲ. ಬೊಳ್ಳಪ್ಪ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಅಂಗಳ ದಾಟಿ ಬೇಲಿಯ ಹತ್ತಿರ ಹೋಗಿ, ಉದ್ದನೆಯ ಹಸಿ ಹುಲ್ಲಿನ ಕಡ್ಡಿಯೊಂದನ್ನು ಕಿತ್ತು ಅದರ ತುದಿಯನ್ನು ತಂತಿಗೆ ಮುಟ್ಟಿಸುತ್ತಿದ್ದ. ಬೆರಳಿಗೆ ಜುಂ ಅಂದರೆ ಬೇಲಿ ಸರಿಯಾಗಿದೆ. ಆಮೇಲೆ ಕಡ್ಡಿಯನ್ನು ಎಸೆದು, ಕೈ ಕೊಡವಿಕೊಂಡು, ತನ್ನ ಅರೆಭಾಷೆಯಲ್ಲಿ "ಉಟ್ಟು", ಅಂದರೆ ಉಂಟು, ಅನ್ನುತ್ತ ಬಂದು ಊಟಕ್ಕೆ ಕೂರುತ್ತಿದ್ದ. ಬೇರೆ ಏನು ಮರೆತರೂ ಆತ ಇದನ್ನು ಮರೆತವನಲ್ಲ. ಮನೆಯವರು ಸುಖವಾಗಿ ನಿದ್ದೆ ಮಾಡುತ್ತಿರುವುದು ತನ್ನಿಂದ ಅಂತ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು, ಅದು ಪೊನ್ನಮ್ಮನಿಗೂ ಗೊತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಬೊಳ್ಳಪ್ಪನ ಕೈಯಿಂದ ಮೀನುಸಾರಿನ ಬಟ್ಟಲು ಜಾರಿ ರಗ್ಗಿನ ನಡುಮಧ್ಯಕ್ಕೆ ಬಿತ್ತು. ಭಾನುವಾರ ಬೆಳಿಗ್ಗೆ ಬೆಕ್ಕು ಅಲ್ಲಿಂದ ಏಳಲು ಒಪ್ಪಲೇ ಇಲ್ಲ. ಗಾನವಿ ರಗ್ಗು ಸುತ್ತಿ ಮಿಷನ್ನಿಗೆ ತುರುಕಿದಳು. ಅರ್ಧ ಒಳಗೆ ಹೋಯಿತು, ಇನ್ನರ್ಧ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಮಿಷನ್ನಿಗೆ ಹಾಕಿದ್ರಾಯ್ತು," ಅಂದಳು ಪೊನ್ನಮ್ಮ.

"ಅತ್ತೆ, ಒಂದು ಕೈ ಹಿಡೀರಿ. ಆಮೇಲೆ ಎಷ್ಟು ಬೇಕಾದ್ರೂ ಅನ್ನಿ."

ಕಾಫಿ ಕಣದಲ್ಲಿ ಹರಡಿ ತೊಳೆಯುವುದು ಸುಲಭವಿತ್ತು. ಆದರೆ ಕಣದ ತುಂಬ ಕಾಫಿ ಒಣಗುತ್ತಿತ್ತು. ಸೋಪಿನ ನೀರಿನ ಒಂದು ಹನಿ ಅಲ್ಲಿಗೆ ಹಾರಿದರೂ ತೀರ್ಥಪ್ರಸಾದ್ ಸುಮ್ಮನಿರುತ್ತಿರಲಿಲ್ಲ. ಹಾಗಾಗಿ ಜೀಪು ತೊಳೆಯುವ ಕಲ್ಲುಹಾಸಿನ ಮೇಲೆ ಹಾಸಿದರು. ಮೊದಲು ಧೂಳು ಬಡಿದು, ಮೀನುಸಾರಿನ ಕಲೆಗೆ ಸೋಪುಪುಡಿ ಉಜ್ಜಿ, ಬಿಸಿನೀರು ಹಾಕಿ ನೆನೆಯಲು ಬಿಟ್ಟರು. ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಗಾನವಿಯ ರಟ್ಟೆ ಬಿತ್ತು. ಆಗ ಬೊಳ್ಳಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬಂದ.

"ಇದನ್ನ ಕೈಲಿ ತೊಳೆಯೋದಲ್ಲ, ತುಳಿಯೋದು," ಅಂದು ನೊರೆಯೊಳಗೆ ಕಾಲಿಟ್ಟ. ಹತ್ತನೇ ಕ್ಲಾಸಿನ ಮೊಮ್ಮಗಳು ಶೋಭಿತಾ ಅಜ್ಜನ ಕೈ ಹಿಡಿದುಕೊಂಡಳು. ಇಬ್ಬರೂ ಗದ್ದೆ ಕೆಸರು ತುಳಿದ ಹಾಗೆ ಆ ಮೂಲೆಯಿಂದ ಈ ಮೂಲೆಗೆ ತುಳಿಯುತ್ತ ಹೋದರು. ಕಪ್ಪು ನೀರು ಹೊರಟಿತು.

"ಅಜ್ಜ, ನೀವು ಭಾರಿ ಒಳ್ಳೆ ಡ್ಯಾನ್ಸರ್."

"ಸಂಬಳ ಎಷ್ಟ್ ಕೊಡ್ತೀಯ ಹೇಳು, ದಿನಾ ಬರ್ತೇನೆ."

ಆ ದಿನ ಮನೆಯವರೆಲ್ಲ ನಕ್ಕಿದ್ದರು. ಪೊನ್ನಮ್ಮ ಕೂಡ.

ನೊರೆ ಹೋಗುವ ತನಕ ಪೈಪಿನಲ್ಲಿ ನೀರು ಬಿಟ್ಟು, ರಗ್ಗನ್ನು ಸುರುಳಿ ಸುತ್ತಿ, ಸುರುಳಿಯ ಮೇಲೆ ನಿಂತು ನೀರು ಹಿಂಡಿದರು. ಆದರೂ ಅದು ಸತ್ತ ಎಮ್ಮೆಯಷ್ಟು ಭಾರವಿತ್ತು. ಬಟ್ಟೆಯ ಹಗ್ಗಕ್ಕೆ ಹಾಕಿದ್ದೇ ತಡ ಹಗ್ಗ ಹರಿಯಿತು. ಕೊನೆಗೆ ಕೊಟ್ಟಿಗೆಯ ಹಿಂದಿನ ಸೋಲಾರ್ ಬೇಲಿಯ ಮೇಲೆ ಹಾಕುವುದೆಂದಾಯಿತು. ಗಟ್ಟಿ ಕಂಬ, ಬಿಗಿ ತಂತಿ, ಹಗಲು ಹೇಗೂ ಕರೆಂಟಿಲ್ಲ. ನಾಲ್ಕೂ ಜನ ಹೆಣಗಿ ಎತ್ತಿಹಾಕಿದರು.

ಮಧ್ಯಾಹ್ನ ಊಟವಾದ ಮೇಲೆ ತೀರ್ಥಪ್ರಸಾದ್, ಗಾನವಿ, ಶೋಭಿತಾ ಮೂವರೂ ಕಕ್ಕಬೆಗೆ ಹೊರಟರು, ನೆಂಟರ ಮನೆಯಲ್ಲಿ ನಿಶ್ಚಿತಾರ್ಥ.

"ಅತ್ತೆ, ರಗ್ಗು ಸಂಜೆ ಒಳಗೆ ತರ್ಬೇಕು, ಬೇಲಿ ಹಾಕೋಕೆ ಮೊದ್ಲು. ಸೋಮಯ್ಯಣ್ಣನ್ನ ಕರೀರಿ, ನಿಮ್ಮಿಬ್ಬರ ಕೈಲಿ ಆಗೋದಲ್ಲ," ಅಂದಳು ಗಾನವಿ.

"ಒಂದು ಬಟ್ಟೆ ಒಳಗೆ ತರಿಕೆ ಊರು ಕರೀಬೇಕಾ? ನಾನ್ ನೋಡ್ಕೊಳ್ತೇನೆ, ನೀ ಹೋಗು."

ಸಂಜೆ ಪೊನ್ನಮ್ಮ ಕೊಟ್ಟಿಗೆಯ ಹಿಂದೆ ಹೋಗಿ ರಗ್ಗಿನ ತುದಿ ಹಿಡಿದು ಎಳೆದಳು. ಅದು ಅಲ್ಲಾಡಲಿಲ್ಲ. ಇನ್ನೂ ಚೊಳ್ ಅನ್ನುತ್ತಿತ್ತು, ಅಂಚು ಹುಲ್ಲಿಗೆ ತಾಗಿಕೊಂಡಿತ್ತು. ಹಾಗೇ ಬೇಲಿ ಹಾಕಿದರೆ ಕರೆಂಟೆಲ್ಲ ನೆಲಕ್ಕೆ ಇಳಿದುಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಸೋಮಯ್ಯನ ಮನೆ ಕೂಗಳತೆಯಲ್ಲೇ ಇತ್ತು. ಆದರೆ ಸೊಸೆಯ ಎದುರು ಅಷ್ಟು ಜೋರಾಗಿ ಹೇಳಿದ ಮೇಲೆ ಅವನನ್ನು ಕರೆಯುವುದು ಹೇಗೆ? ಅವಳು ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಗೆ ಬಂದಳು.

ದೀಪದ ಹೊತ್ತಾಯಿತು. ಬೊಳ್ಳಪ್ಪ ಎದ್ದು ಮೊಳೆಯಿಂದ ಕೀ ತೆಗೆದ.

"ಇವತ್ತು ಹಾಕ್ಬೇಡಿ," ಅಂದಳು ಪೊನ್ನಮ್ಮ ಒಳಗಿನಿಂದ. "ಬೇಲಿ ಮೇಲೆ ರಗ್ಗು ಉಟ್ಟು."

"ತೆಗೀಬೇಕಲ್ಲ?"

"ನಾವಿಬ್ಬರು ಅದನ್ನ ತೆಗ್ದ್ರೆ ನಮ್ಮನ್ನ ತೆಗೀಕೆ ಬೇರೆ ಜನ ಬೇಕು. ಒಂದ್ ದಿನ ಹಾಗೇ ಇರ್ಲಿ."

"ಸೋಮಯ್ಯನ್ನ ಕರಿ."

"ಈ ಹೊತ್ತಿಗೆ ಅವನನ್ನ ಕರೆಸೋದಾ? ಆನೆ ಈ ಕಡೆ ಬಾರದೆ ಎಷ್ಟ್ ದಿನ ಆತ್, ಇವತ್ತೇ ಬರ್ತದಾ?"

ಬೊಳ್ಳಪ್ಪ ಕೀ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. "ಆನೆಗೆ ಭಾನುವಾರ ರಜೆ ಕೊಟ್ಟದ್ ಯಾರ್?" ಅಂದ. ಹಳೆಯ ರೈಟರಿನ ದನಿ, ಕೆಲಸಕ್ಕೆ ಚಕ್ಕರ್ ಹೊಡೆದವರನ್ನು ನಿಲ್ಲಿಸಿ ಕೇಳುತ್ತಿದ್ದ ದನಿ.

ಪೊನ್ನಮ್ಮನಿಗೆ ನಗು ಬಂತು. "ನಾನೇ ಕೊಟ್ಟೆ. ಬಂದು ಗಂಜಿ ಉಣ್ಣಿ."

ಅವನೂ ನಕ್ಕ. ಕೀಯನ್ನು ಮತ್ತೆ ಮೊಳೆಗೆ ಹಾಕಿ ಬಂದು ಊಟಕ್ಕೆ ಕೂತ. ಮಗ ಸೊಸೆ ಬರುವಾಗ ಇಬ್ಬರೂ ಮಲಗಿಯಾಗಿತ್ತು. ಹೊತ್ತಾಗಿ ದಣಿದು ಬಂದವರು ಪೆಟ್ಟಿಗೆಯ ಟಕ್ ಟಕ್ ಕೇಳುತ್ತಿದೆಯೋ ಇಲ್ಲವೋ ಅಂತ ಕಿವಿಗೊಡಲಿಲ್ಲ.

ಬೆಳಕು ಹರಿಯುವಾಗ ತೀರ್ಥಪ್ರಸಾದ್ ಪಂಪು ಹಾಕಲು ಕೊಟ್ಟಿಗೆಯ ಹಿಂದಕ್ಕೆ ಹೋದ. ಬಾಳೆಯ ಬುಡದಲ್ಲಿ ಆನೆ ನಿಂತಿತ್ತು. ಓಡಿ ಕಣದ ಕಟ್ಟೆ ಹಾರುವಾಗ ಅವನ ಬಲಗಾಲು ಮಡಚಿ ಮುರಿಯಿತು. ತೆವಳಿಕೊಂಡೇ ಜಗಲಿ ಸೇರಿದ. ಆನೆ ಅವನ ಹಿಂದೆ ಬರಲಿಲ್ಲ. ತನ್ನ ಪಾಡಿಗೆ ಬಾಳೆ ಮುಗಿಸಿ, ಮಗ ಹುಟ್ಟಿದ ವರ್ಷ ಬೊಳ್ಳಪ್ಪ ಕೈಯಾರೆ ಮೆಣಸಿನ ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಓಕ್ ಮರವನ್ನು ದೂಡಿ ಬೀಳಿಸಿ, ಕೆಳಗಿನ ಹೊಳೆಗೆ ಇಳಿದುಹೋಯಿತು. ರಗ್ಗು ಕೆಸರಿನಲ್ಲಿ ಬಿದ್ದಿತ್ತು. ಅದರ ಮೇಲೆ ಬಾಂಡಲಿಯಷ್ಟು ಅಗಲದ ಒಂದು ಹೆಜ್ಜೆ.

ಜಗಲಿಯಲ್ಲಿ ತೀರ್ಥಪ್ರಸಾದನ ಕಾಲನ್ನು ಸ್ಟೂಲಿನ ಮೇಲೆ ಇಟ್ಟಿದ್ದರು. ಗಾನವಿ ಒದ್ದೆ ಬಟ್ಟೆ ಕಟ್ಟುತ್ತಿದ್ದಳು. ಸೋಮಯ್ಯ ಜೀಪು ತರಲು ಓಡಿದ್ದ.

"ಅಪ್ಪ, ನಿನ್ನೆ ಬೇಲಿ ಹಾಕಿದ್ರಾ?"

ಬೊಳ್ಳಪ್ಪ ಮೊಳೆಯನ್ನು ನೋಡಿದ. ಬೇಲಿ ಹಾಕಿದ್ದರೆ ಕೀ ಪೆಟ್ಟಿಗೆಯಲ್ಲಿರಬೇಕು. ಅದು ಮೊಳೆಯಲ್ಲಿತ್ತು. ತನ್ನ ಕೈಯನ್ನು ಮಗುಚಿ ನೋಡಿಕೊಂಡ.

"ಹಾಕಿದ ಹಾಗೆ ಉಟ್ಟು... ಕೀ ಹಿಡ್ಕೊಂಡದ್ದು ನೆನಪುಟ್ಟು."

"ಕೀ ಅಲ್ಲೇ ಉಂಟಲ್ಲ ಅಪ್ಪ. ರಗ್ಗೂ ಬೇಲಿ ಮೇಲೇ ಇತ್ತು. ಹುಲ್ಲು ಮುಟ್ಟಿಸಿಕೆ ಹೋಗಿದ್ರೆ ಅದು ಕಾಣ್ತಿರ್ಲಿಲ್ವಾ?"

ಬೊಳ್ಳಪ್ಪ ಇನ್ನೊಮ್ಮೆ ಮೊಳೆಯ ಕಡೆ ನೋಡಿದ. "ಹಾಗಾದ್ರೆ ಮರ್ತೆ ಮಗ," ಅಂದ. "ಅದನ್ನೂ ಮರ್ತೆ."

ಪೊನ್ನಮ್ಮ ಬಿಸಿನೀರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಾಕ್ಬೇಡಿ ಅಂದದ್ದು ನಾನು ಅನ್ನುವ ಮಾತು ಬಾಯಿಯ ತನಕ ಬಂತು. ಮಗನ ಕಾಲು ಕಂಡಿತು, ಊದಿ ನೀಲಿಯಾಗಿತ್ತು. ಅವಳು ಹೆತ್ತ ಮಗ ಅವಳ ಒಣ ಜಂಭಕ್ಕೆ ಸತ್ತೇಹೋಗುತ್ತಿದ್ದ. ಅವಳು ಪಾತ್ರೆಯನ್ನು ಗಾನವಿಯ ಪಕ್ಕಕ್ಕೆ ಇಟ್ಟಳು. ಅಷ್ಟರಲ್ಲಿ ಜೀಪು ಬಂತು, ಎಲ್ಲರೂ ಗಡಿಬಿಡಿಯಲ್ಲಿ ಎದ್ದರು. ಸಂಜೆ ಹೇಳಿದರಾಯಿತು ಅಂದುಕೊಂಡಳು. ಸಂಜೆ ಅವನು ಪ್ಲಾಸ್ಟರ್ ಹಾಕಿಸಿಕೊಂಡು ನೋವಿನಲ್ಲಿ ಬಂದ. ನಾಳೆ ಹೇಳಿದರಾಯಿತು ಅಂದುಕೊಂಡಳು. ಬೇಲಿಯ ಕೀಯನ್ನು ಮಗ ತನ್ನ ಜೇಬಿಗೆ ಹಾಕಿಕೊಂಡಾಗ ಬೊಳ್ಳಪ್ಪ ತಲೆ ಆಡಿಸಿ, "ಆಗ್ಲಿ, ಅದೇ ಒಳ್ಳೇದು" ಅಂದ. ಅದನ್ನು ಕೇಳಿದ ಮೇಲೂ ಅವಳು ಬಾಯಿ ಬಿಡಲಿಲ್ಲ.

ಕಣದ ಕಾಫಿ ಕಪ್ಪಾಗುತ್ತ ಬಂತು. ಪಿಕ್ಕಿಂಗಿನ ಜನರನ್ನು ನೋಡಿಕೊಳ್ಳುವುದು, ಅವರಿಗೆ ಕಾಫಿ ತಿಂಡಿ, ಮಗನ ಊಟ ತಿಂಡಿ, ಎಲ್ಲವೂ ಇಬ್ಬರು ಹೆಂಗಸರ ತಲೆಗೆ ಬಿತ್ತು. ಗಾನವಿ ಸೊಸೈಟಿಗೆ ರಜೆ ಹಾಕಿದಳು. ಕೆಸರಿನ ರಗ್ಗನ್ನು ಸುತ್ತಿ ಸೌದೆ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರು. ಪೊನ್ನಮ್ಮ ಸೌದೆಗೆ ಹೋದಾಗಲೆಲ್ಲ ಅದು ಮೂಲೆಯಲ್ಲಿ ನಿಂತಿರುತ್ತಿತ್ತು.

ಬೊಳ್ಳಪ್ಪ ಮಾತ್ರ ಬೇರೆಯೇ ಮನುಷ್ಯನಾದ. ಅನ್ನಕ್ಕೆ ಉಪ್ಪು ಹಾಕಿಕೊಳ್ಳಲೂ ಕೇಳತೊಡಗಿದ. ಬಚ್ಚಲ ನಲ್ಲಿ ನಿಲ್ಲಿಸಿದೆನೋ ಅಂತ ಹೋಗಿ ನೋಡಿ ಬಂದು ಮತ್ತೆ ಹೋಗಿ ನೋಡುತ್ತಿದ್ದ. "ನಾನ್ ಉಂಡೆನಾ ಪೊನ್ನು?" ಅಂತ ಕೇಳಿದ ಒಂದು ದಿನ. ಅದನ್ನು ಅವನು ಈ ಮೊದಲು ಕೇಳಿದವನೇ ಅಲ್ಲ. ಸಂಜೆ ಶೋಭಿತಾ ಬೇಲಿ ಹಾಕಿ ಟಕ್ ಟಕ್ ಶುರುವಾಗುತ್ತಿದ್ದಂತೆ ಎದ್ದು ಒಳಗಿನ ಕೋಣೆಗೆ ಹೋಗಿಬಿಡುತ್ತಿದ್ದ.

"ಅಜ್ಜ, ಹುಲ್ಲು ಮುಟ್ಟಿಸಿ ನೋಡಿಕೊಂಡು ಬರುವ, ಬನ್ನಿ," ಅಂತ ಶೋಭಿತಾ ಕರೆದಳು.

"ಬೇಡ ಮಗ. ನಾನ್ ಮುಟ್ಟಿದ್ದು ಯಾವುದೂ ಸರಿ ಇರೋದಿಲ್ಲೆ."

ಊಟದ ಹೊತ್ತಿಗೆ ತೀರ್ಥಪ್ರಸಾದ್ ಒಂದು ಮಾತು ತೆಗೆದ. ಅಪ್ಪನನ್ನು ಮನೆಯಲ್ಲಿ ಒಬ್ಬನೇ ಬಿಡುವುದು ಬೇಡ, ಯಾರಾದರೂ ಒಬ್ಬರು ಜೊತೆಗಿರಲೇಬೇಕು ಅಂದ.

"ಅವರೇನ್ ಮಗುವಾ?" ಅಂದಳು ಪೊನ್ನಮ್ಮ.

"ಮಗುವಾಗಿದ್ರೆ ದಿನಾ ಕಲೀತಾ ಹೋಗ್ತಿತ್ತು ಅತ್ತೆ," ಅಂದುಬಿಟ್ಟಳು ಗಾನವಿ. ಅಂದಮೇಲೆ ತುಟಿ ಕಚ್ಚಿಕೊಂಡಳು.

"ಬೇಲಿ ವಿಷಯ ಅವರೊಬ್ಬರದ್ದೇ ತಪ್ಪಲ್ಲ," ಅಂದಳು ಪೊನ್ನಮ್ಮ ತಟ್ಟೆ ನೋಡುತ್ತ.

"ಅವ್ವ, ಅಪ್ಪನನ್ನ ವಹಿಸ್ಕೊಂಡು ಮಾತಾಡಿದ್ರೆ ಕಾಯಿಲೆ ವಾಸಿ ಆಗ್ತದಾ? ಮಡಿಕೇರಿಗೆ ಕರ್ಕೊಂಡು ಹೋಗುವ."

ಮಡಿಕೇರಿಯಲ್ಲಿ ಡಾಕ್ಟರು ಬೊಳ್ಳಪ್ಪನನ್ನು ಬಹಳ ಹೊತ್ತು ಮಾತಾಡಿಸಿದರು. ಯಾವಾಗಿನಿಂದ ಹೆಚ್ಚಾಗಿದೆ ಅಂತ ಕೇಳಿದರು. ಗಾನವಿ ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ.

"ಬೇಲಿ ಹಾಕಿಕೆ ಮರ್ತ ದಿನದಿಂದ ಡಾಕ್ಟ್ರೇ. ಮರೆವು ಮೊದಲೂ ಇತ್ತು. ಆದ್ರೆ ಅದೊಂದನ್ನ ಮರೆಯೋದಿಲ್ಲ ಅಂತ ನಾನ್ ತಿಳ್ಕೊಂಡಿದ್ದೆ. ನನ್ನ ಮಗನನ್ನ ನಾನೇ ಆನೆ ಕಾಲಿಗೆ ಹಾಕ್ತಿದ್ದೆ."

ಹೇಳುತ್ತ ಅವನು ಅತ್ತ. ಪೊನ್ನಮ್ಮ ಪಕ್ಕದ ಕುರ್ಚಿಯಲ್ಲೇ ಇದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಭಾಗಮಂಡಲದ ಬಸ್ಸಿನಲ್ಲಿ ಹಿಂತಿರುಗುವಾಗ ಅವನು ಕಿಟಕಿಗೆ ತಲೆಯಿಟ್ಟು ನಿದ್ದೆಹೋದ. ಅವನ ಮುಖ ನೋಡಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಶಿವರಾತ್ರಿಯ ಹೊತ್ತಿಗೆ ಕಾಫಿ ಮೂಟೆಯಾಗಿ ಮಿಲ್ಲಿಗೆ ಹೋಯಿತು. ಕಣ ಖಾಲಿಯಾಯಿತು. ತೀರ್ಥಪ್ರಸಾದನ ಪ್ಲಾಸ್ಟರು ಬಿಚ್ಚಿದ್ದರು, ಕೋಲು ಹಿಡಿದು ನಡೆಯುತ್ತಿದ್ದ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದಕ್ಕೆ ಮೊದಲು ರಗ್ಗು ತೊಳೆದು ಒಣಗಿಸಬೇಕೆಂದು ಗಾನವಿ ಹಟ ಹಿಡಿದಳು. ಹಜಾರದ ಬರಿನೆಲದ ಮೇಲೆ ಬೊಳ್ಳಪ್ಪ ಗೋಡೆ ಹಿಡಿದು ನಡೆಯುವುದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ.

ಈ ಸಲ ಕಣದಲ್ಲೇ ಹಾಸಿದರು. ಒಣಗಿ ಗಟ್ಟಿಯಾದ ಕೆಸರನ್ನು ಕೋಲಿನಿಂದ ಬಡಿದು ಉದುರಿಸಿದರು. ತೀರ್ಥಪ್ರಸಾದ್ ಕಟ್ಟೆಯ ಮೇಲೆ ಕೂತು ಪೈಪು ಹಿಡಿದ. ಪೊನ್ನಮ್ಮ, ಗಾನವಿ ಎದುರುಬದುರು ಕೂತು ಆನೆ ಹೆಜ್ಜೆಯ ಕಲೆಯನ್ನು ಉಜ್ಜತೊಡಗಿದರು. ಶೋಭಿತಾ ಪ್ಯಾಂಟು ಮಡಚಿ ನೊರೆಗೆ ಇಳಿದಳು. ಬೊಳ್ಳಪ್ಪ ದೂರದಲ್ಲಿ, ಹಲಸಿನ ಮರದ ಬುಡದಲ್ಲಿ ಕೂತಿದ್ದ.

"ಅಜ್ಜ, ಬನ್ನಿ. ಸಂಬಳ ಕೊಡ್ತೇನೆ."

"ನಾನ್ ಬೇಡ ಮಗ. ಹೋದ ಸಲ ನಾನ್ ತುಳ್ದದ್ದಕ್ಕೇ ಅಲ್ವಾ ಇಷ್ಟೆಲ್ಲ ಆದ್ದು."

ಪೊನ್ನಮ್ಮನ ಕೈ ನಿಂತಿತು. ಬೇಲಿಯದೊಂದೇ ಅಲ್ಲ, ಎಲ್ಲರೂ ನಕ್ಕ ಆ ಬೆಳಗನ್ನೂ ಅವನು ತನ್ನ ತಪ್ಪಿನ ಲೆಕ್ಕಕ್ಕೆ ಸೇರಿಸಿಕೊಂಡಿದ್ದ. ಅವಳು ಬ್ರಷ್ಷನ್ನು ಕೆಳಗಿಟ್ಟು ಎದ್ದುನಿಂತಳು. ಮೊಣಕಾಲಿನಿಂದ ನೊರೆ ಇಳಿಯುತ್ತಿತ್ತು.

"ಅವತ್ತು ಬೇಲಿ ಹಾಕಿಕೆ ಅವರು ಮರ್ತದ್ದಲ್ಲ. ಹಾಕ್ಬೇಡಿ ಅಂತ ನಾನ್ ಹೇಳಿದ್ದು."

ತೀರ್ಥಪ್ರಸಾದ್ ತಲೆಯೆತ್ತಿದ. "ಬಿಡಿ ಅವ್ವ. ಅಪ್ಪನ ಮೇಲೆ ಈಗ ಯಾರಿಗೂ ಸಿಟ್ಟಿಲ್ಲ."

"ಸಿಟ್ಟಿನ ಮಾತಲ್ಲ. ನಡ್ದದ್ದು ಹೇಳ್ತಾ ಇದ್ದೇನೆ."

"ಅತ್ತೆ, ಮಾವಂಗೋಸ್ಕರ ನೀವ್ಯಾಕೆ ಮೈಮೇಲೆ ಎಳ್ಕೊಳ್ತೀರಿ?" ಗಾನವಿಯ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು. ಆ ಮೆತ್ತಗಿನ ದನಿಯೇ ಪೊನ್ನಮ್ಮನಿಗೆ ಚುಚ್ಚಿತು.

ಬೊಳ್ಳಪ್ಪನೂ ಮರದಡಿಯಿಂದ ಕೈ ಆಡಿಸಿದ. "ಸಾಕು ಪೊನ್ನು. ನನಗೋಸ್ಕರ ಸುಳ್ಳು ಹೇಳ್ಬೇಡ."

ಇಷ್ಟು ದಿನ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದರೆ ನಂಬುವವರೇ ಇಲ್ಲ. ಅವಳು ಕಣ ದಾಟಿ ಹೋಗಿ ಗಂಡನ ಎದುರು ಕುಕ್ಕರಗಾಲಿನಲ್ಲಿ ಕೂತಳು.

"ಕೇಳಿ. ಕೀ ನಿಮ್ಮ ಕೈಲಿತ್ತು. ಹಾಕ್ಬೇಡಿ, ಬೇಲಿ ಮೇಲೆ ರಗ್ಗು ಉಟ್ಟು ಅಂದೆ ನಾನು. ಸೋಮಯ್ಯನ್ನ ಕರಿ ಅಂದ್ರಿ. ಕರೀಲಿಲ್ಲ. ಗಾನವಿ ಹತ್ರ ದೊಡ್ಡದಾಗಿ ಹೇಳಿದ್ದೆ, ಅದಕ್ಕೆ ಕರೀಲಿಲ್ಲ. ಆನೆ ಇವತ್ತೇ ಬರ್ತದಾ ಅಂದೆ. ಅದಕ್ಕೆ ನೀವೆಂಥ ಹೇಳಿದ್ರಿ ಗೊತ್ತಾ? ಆನೆಗೆ ಭಾನುವಾರ ರಜೆ ಕೊಟ್ಟದ್ ಯಾರ್ ಅಂತ ಕೇಳಿದ್ರಿ."

ಪೈಪಿನ ನೀರು ರಗ್ಗು ಬಿಟ್ಟು ಬರಿ ಕಣದ ಮೇಲೆ ಹರಿಯುತ್ತಿತ್ತು. ತೀರ್ಥಪ್ರಸಾದ್ ಅದನ್ನು ಮಡಚಿ ಹಿಡಿದ.

ಬೊಳ್ಳಪ್ಪ ಬಾಯೊಳಗೇ ಹೇಳಿ ನೋಡಿದ. "ಆನೆಗೆ... ಭಾನುವಾರ... ರಜೆ." ಅವನ ಮುಖದಲ್ಲಿ ನಗು ನಿಧಾನವಾಗಿ ಬಂತು. "ಅದು ನನ್ನ ಮಾತೇ."

"ಅದು ಅಪ್ಪನ ಮಾತೇ," ಅಂದ ತೀರ್ಥಪ್ರಸಾದ್. "ಅವ್ವಂಗೆ ಅದೆಲ್ಲ ಕಟ್ಟಿ ಹೇಳಿಕೆ ಬರೋದಿಲ್ಲ." ಆಮೇಲೆ ಅವನ ದನಿ ಗಡುಸಾಯಿತು. "ಹಾಗಾದ್ರೆ ಮಡಿಕೇರಿಯಲ್ಲಿ ಅಪ್ಪ ಅಳುವಾಗ ನೀವು ಪಕ್ಕದಲ್ಲೇ ಕೂತಿದ್ರಂತೆ. ಗಾನವಿ ಹೇಳಿದ್ಳು."

"ಕೂತಿದ್ದೆ."

"ಹೇಳ್ಲಿಲ್ಲ ಯಾಕೆ?"

"ಮೊದ್ಲು ನಿನ್ನ ಕಾಲು ನೋಡಿ ಹೆದ್ರಿದೆ. ಆಮೇಲೆ, ಹೇಳದೆ ಇದ್ದೆನಲ್ಲ, ಅದಕ್ಕೇ ಹೆದ್ರಿದೆ."

ಬೊಳ್ಳಪ್ಪನ ಮುಖದ ನಗು ಹೋಗಿತ್ತು. "ನನ್ನ ತಲೆ ಕೆಟ್ಟಿತು ಅಂತ ನಾನು ಕೂತಿದ್ದೆ," ಅಂದ. "ನೀನು ನೋಡ್ತಾ ಇದ್ದೆ. ಅಲ್ವಾ ಪೊನ್ನು?"

ಅವನು ಮರ ಹಿಡಿದು ಎದ್ದು, ಪಂಚೆ ಎತ್ತಿ ಕಟ್ಟಿ, ಅವಳನ್ನು ದಾಟಿ ಹೋಗಿ ನೊರೆಗೆ ಇಳಿದ. ಶೋಭಿತಾ ಕೈ ಕೊಟ್ಟಳು. ಆ ಸಂಜೆ ಅವನು ಕಾಫಿಯನ್ನು ಪೊನ್ನಮ್ಮನ ಕೈಯಿಂದಲ್ಲ, ಗಾನವಿಯ ಕೈಯಿಂದ ತೆಗೆದುಕೊಂಡ. ದೀಪದ ಹೊತ್ತಿಗೆ ತೀರ್ಥಪ್ರಸಾದ್ ಜೇಬಿನಿಂದ ಕೀ ತೆಗೆದು ಅಪ್ಪನ ಕೈಗಿಟ್ಟ.

"ಶೋಭಿತಾ ಜೊತೆಗೆ ಬರ್ತಾಳೆ. ಇನ್ನು ಯಾರು ಬೇಡ ಅಂದ್ರೂ ಹಾಕ್ಬೇಕು ಅಪ್ಪ."

"ನಿನ್ನ ಅವ್ವ ಅಂದ್ರೂ," ಅಂದ ಬೊಳ್ಳಪ್ಪ. ಹುಲ್ಲಿನ ಕಡ್ಡಿ ಕಿತ್ತು, ಮುಟ್ಟಿಸಿ, "ಉಟ್ಟು" ಅಂದು ಬಂದ.

ಹೆಜ್ಜೆಯ ಕಲೆ ಪೂರ್ತಿ ಹೋಗಲಿಲ್ಲ. ಹಜಾರದಲ್ಲಿ ರಗ್ಗು ಹಾಸಿದಾಗ ಗಾನವಿ ಅದರ ಮೇಲೆ ಟೀಪಾಯಿ ಇಟ್ಟಳು, ಪೊನ್ನಮ್ಮ ಅದನ್ನು ಪಕ್ಕಕ್ಕೆ ಸರಿಸಿದಳು. ಈ ಸಲ ಜಗಳವಾಗಲಿಲ್ಲ.

ಬೊಳ್ಳಪ್ಪನ ಮುನಿಸು ಆ ವಾರ ಮುಗಿಯುವ ಮೊದಲೇ ಮುಗಿಯಿತು. ಮುಗಿಯಿತು ಅನ್ನುವುದಕ್ಕಿಂತ ಮರೆತುಹೋಯಿತು. ಒಂದು ಮಧ್ಯಾಹ್ನ ಜಗಲಿಯಲ್ಲಿ ಪೊನ್ನಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಮಗ ಕುಂಟುತ್ತ ತೋಟಕ್ಕೆ ಇಳಿಯುವುದನ್ನು ನೋಡುತ್ತಿದ್ದ ಬೊಳ್ಳಪ್ಪ ಮೆಲ್ಲಗೆ ಕೇಳಿದ.

"ಅವನ ಕಾಲು ಹಾಗಾದ್ದು ನಾನ್ ಬೇಲಿ ಮರ್ತದ್ದಕ್ಕೆ. ಅಲ್ವಾ ಪೊನ್ನು?"

ಅವಳು ಅವನ ಮುಖ ನೋಡಿದಳು. ಕಣದಲ್ಲಿ ನಡೆದದ್ದೊಂದೂ ಅಲ್ಲಿ ಉಳಿದಿರಲಿಲ್ಲ. ತಪ್ಪು ಮಾತ್ರ ಉಳಿದಿತ್ತು. ಹತ್ತಿರ ಯಾರೂ ಇರಲಿಲ್ಲ, ಹಳೇ ಮಾತು ಬಿಡಿ ಅಂದಿದ್ದರೆ ಸಾಕಿತ್ತು. ಅವಳು ಮೊರ ಕೆಳಗಿಟ್ಟು ಮೊದಲಿನಿಂದ ಹೇಳಿದಳು. ರಗ್ಗು, ಸೋಮಯ್ಯ, ತನ್ನ ಜಂಭ, ಮಡಿಕೇರಿಯ ಕುರ್ಚಿ, ಎಲ್ಲ. ಅವನು ನಕ್ಕ, ಆಮೇಲೆ ಮುಖ ತಿರುಗಿಸಿದ, ಆಮೇಲೆ ಕಾಫಿಯನ್ನು ಸೊಸೆಯ ಕೈಯಿಂದ ತೆಗೆದುಕೊಂಡ.

ಮತ್ತೆ ಕೆಲವು ದಿನ ಬಿಟ್ಟು ಮತ್ತೆ ಕೇಳಿದ. ಹೂಮಳೆ ಬಂದು ತೋಟವೆಲ್ಲ ಬಿಳಿಯಾದ ಬೆಳಿಗ್ಗೆಯೂ ಕೇಳಿದ.

"ಅತ್ತೆ, ಪ್ರತಿ ಸಲ ಪೂರ್ತಿ ಯಾಕೆ ಹೇಳ್ತೀರಿ?" ಅಂದಳು ಗಾನವಿ ಒಂದು ದಿನ. "ನೀವು ಮರ್ತಿಲ್ಲ ಅಂದ್ರೆ ಸಾಕಲ್ವಾ? ಪ್ರತಿ ಸಲ ಅವರ ಮುನಿಸು ಯಾಕೆ ತಿನ್ತೀರಿ?"

"ಅಷ್ಟೇ ಹೇಳಿದ್ರೆ ಅವರು ನಂಬೋದಿಲ್ಲೆ," ಅಂದಳು ಪೊನ್ನಮ್ಮ. ಅದು ನಿಜವೂ ಆಗಿತ್ತು. ಅವನು ನಂಬುವುದು ತನ್ನ ಆ ಒಂದು ಮಾತು ಬಂದಾಗ ಮಾತ್ರ. ಅಲ್ಲಿಗೆ ಹೋಗಲು ಉಳಿದದ್ದನ್ನೆಲ್ಲ ಹೇಳಲೇಬೇಕಿತ್ತು.

ಮರುದಿನ ದೀಪದ ಹೊತ್ತಿಗೆ ಬೊಳ್ಳಪ್ಪ ಕೀ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಹಣೆ ಗಂಟಾಗಿತ್ತು. ಕೇಳುವ ಮೊದಲೇ ಪೊನ್ನಮ್ಮ ಒಲೆ ಸಣ್ಣ ಮಾಡಿದಳು.

"ಅವತ್ತು ನಾನ್ ಬೇಲಿ ಮರ್ತೆ ಅಲ್ವಾ?"

"ಇಲ್ಲೆ. ಕೂತ್ಕೊಳ್ಳಿ, ಹೇಳ್ತೇನೆ."

ಅವಳು ಹೇಳಿದಳು. ಹೇಳುತ್ತ ಹೇಳುತ್ತ ಆನೆ ಇವತ್ತೇ ಬರ್ತದಾ ಅಂತ ತಾನು ಕೇಳಿದಲ್ಲಿಗೆ ಬಂದು, ಅದಕ್ಕೆ ನೀವೆಂಥ ಹೇಳಿದ್ರಿ ಅನ್ನುವಷ್ಟರಲ್ಲಿ ಅವನು ಕೈ ಎತ್ತಿ ತಡೆದ. ಕಣ್ಣು ಮುಚ್ಚಿ ಎಲ್ಲೋ ಹುಡುಕಿದ.

"ಆನೆಗೆ ಭಾನುವಾರ ರಜೆ ಕೊಟ್ಟದ್ ಯಾರ್?" ಅಂದ.

"ನಾನೇ ಕೊಟ್ಟೆ," ಅಂದಳು ಪೊನ್ನಮ್ಮ.